ಎರಡನೆಯ ಟೈರು

ಹೊಸ ಗಾಡಿ ಕೊಳ್ಳಲು ಶೋರೂಮಿಗೆ ಹೋದವರು ಏನೇನು ನೋಡುತ್ತಾರೆ ಎಂದು ಬೇಕಾದರೆ ಒಮ್ಮೆ ನಿಂತು ಗಮನಿಸಿ. ಬಣ್ಣ ನೋಡುತ್ತಾರೆ. ಸೀಟಿನ ಕೆಳಗೆ ಹೆಲ್ಮೆಟ್ ಹಿಡಿಸುತ್ತದೆಯೇ ನೋಡುತ್ತಾರೆ. ಮೈಲೇಜ್ ಕೇಳಿ, ಹೇಳಿದ್ದರಲ್ಲಿ ಹತ್ತು ಕಳೆದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಆಯುಧಪೂಜೆಗೆ ಮೊದಲು ಕೈಗೆ ಸಿಗುತ್ತದೆಯೇ, ನಂಬರು ಕೂಡಿಸಿದರೆ ಎಷ್ಟು ಬರುತ್ತದೆ ಎಂದೆಲ್ಲ ವಿಚಾರಿಸುತ್ತಾರೆ. ಟೈರನ್ನು ಮಾತ್ರ ಯಾರೂ ನೋಡುವುದಿಲ್ಲ. ಪೂಜೆಯ ದಿನ ಅದರ ಕೆಳಗೆ ನಿಂಬೆಹಣ್ಣು ಇಡಲು ಬಗ್ಗುತ್ತಾರಲ್ಲ, ಅಷ್ಟೇ. ಆಗಲೂ ಕಣ್ಣೆಲ್ಲ ನಿಂಬೆಹಣ್ಣಿನ ಮೇಲೆ.

ಹಾಗಾಗಿ ಮೊದಲನೆಯ ಟೈರು ನಿಜವಾಗಿ ನಮ್ಮದಲ್ಲ. ಕಂಪನಿಯವರು ಯಾರನ್ನೋ ಊಹಿಸಿಕೊಂಡು ಹಾಕಿ ಕಳಿಸಿದ್ದು. ಆ ಯಾರೋ ಎಂಬಾತ ಮಂಡ್ಯದ ಹಾಲಿನವನೂ ಹೌದು, ಜೈಪುರದ ಕಾಲೇಜು ಹುಡುಗಿಯೂ ಹೌದು, ಶಿಲ್ಲಾಂಗಿನ ಮೇಷ್ಟರೂ ಹೌದು. ಎಲ್ಲರಿಗೂ ಆಗಬೇಕು, ಬೆಲೆ ಏರಬಾರದು, ಪೆಟ್ರೋಲು ಹೆಚ್ಚು ಕುಡಿಸದಂತೆ ಹಗುರಾಗಿ ಉರುಳಬೇಕು. ಅಂಥ ಟೈರು ಯಾರಿಗೂ ಕೆಟ್ಟದ್ದಲ್ಲ, ಯಾರಿಗೂ ಹೇಳಿ ಮಾಡಿಸಿದ್ದೂ ಅಲ್ಲ. ಅದು ಸವೆದು ನುಣ್ಣಗಾದ ಮೇಲೆ ಎರಡನೆಯದನ್ನು ಕೊಳ್ಳಲು ಹೋಗುತ್ತೇವೆ ನೋಡಿ, ನಮ್ಮ ಪಾತ್ರ ಶುರುವಾಗುವುದು ಅಲ್ಲಿ. "ಯಾವುದು ಹಾಕ್ಲಿ ಮೇಡಂ?" ಎಂದು ಅಂಗಡಿಯವನು ಕೇಳುತ್ತಾನೆ. ಉತ್ತರ ಹೇಳಬೇಕಾದರೆ ನಾವು ಎಲ್ಲಿ ಓಡಾಡುತ್ತೇವೆ, ಎಷ್ಟು ಜೋರಾಗಿ ಓಡಾಡುತ್ತೇವೆ, ಹಿಂದೆ ಯಾರನ್ನು ಕೂರಿಸಿಕೊಳ್ಳುತ್ತೇವೆ ಎಂಬುದೆಲ್ಲ ನಮಗೆ ಗೊತ್ತಿರಬೇಕು. ಗೊತ್ತಿರುವುದಷ್ಟೇ ಅಲ್ಲ, ಒಪ್ಪಿಕೊಳ್ಳಬೇಕು. ಕಷ್ಟವಿರುವುದು ಒಪ್ಪಿಕೊಳ್ಳುವುದರಲ್ಲಿ.

ನಾನು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಮನೆ ಬಾಗಲಗುಂಟೆ. ನಡುವಿನ ದಾರಿಗೆ ಸ್ಕೂಟರು. ಅದರ ಮುಂದಿನ ಟೈರು ಬದಲಾಯಿಸುವ ಕಾಲ ಬಂದಾಗ ನನಗೆ ಸಲಹೆಗಾರರ ಬರವೇನೂ ಇರಲಿಲ್ಲ. ಅವರಲ್ಲೆಲ್ಲ ವಿಚಿತ್ರ ಅರ್ಹತೆ ಇದ್ದವನು ನಮ್ಮ ಅಕ್ಕನ ಮಗ. ವೈಟ್‌ಫೀಲ್ಡಿನ ಕಡೆ, ವಿದೇಶಿ ಕಂಪನಿಗಳಿಗೆ ಯಂತ್ರಭಾಗಗಳ ವಿನ್ಯಾಸ ಮಾಡಿಕೊಡುವ ಆಫೀಸಿನಲ್ಲಿ ಅವನ ಕೆಲಸ. ಹಗಲೆಲ್ಲ ಅವನ ಕಂಪ್ಯೂಟರಿನ ಪರದೆಯ ಮೇಲೆ ತಿರುಗುವುದು ಸ್ನೋಮೊಬೈಲ್ ಎಂಬ ಹಿಮದ ಗಾಡಿಯ ಸ್ಕೀ. ಹಿಮ ಎಂಬುದನ್ನು ಅವನು ಮುಟ್ಟಿ ನೋಡಿದ್ದು ಗುಲ್ಮಾರ್ಗಿನಲ್ಲಿ, ಮದುವೆಯಾದ ಹೊಸತರಲ್ಲಿ. ಬಾಡಿಗೆಯ ಸ್ನೋ ಸ್ಕೂಟರಿನ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ತೆಗೆಸಿದ ಫೋಟೋ ಮನೆಯ ಗೋಡೆಯ ಮೇಲಿದೆ. ಅದರಲ್ಲಿ ಅವಳು ಕ್ಯಾಮೆರಾ ನೋಡುತ್ತಿದ್ದಾಳೆ, ಇವನು ಬಗ್ಗಿ ಸ್ಕೀ ನೋಡುತ್ತಿದ್ದಾನೆ.

ಆ ಗಾಡಿಗೆ ಹಿಂದೆ ಚಕ್ರವಿಲ್ಲ, ಅಗಲವಾದ ರಬ್ಬರ್ ಪಟ್ಟಿಯೊಂದು ಸುತ್ತುತ್ತ ಹಿಮವನ್ನು ಹಿಂದಕ್ಕೆ ತಳ್ಳುತ್ತದೆ. ಮುಂದೆಯೂ ಚಕ್ರವಿಲ್ಲ, ಹ್ಯಾಂಡಲ್ ತಿರುಗಿಸಿದಂತೆ ತಿರುಗುವ ಎರಡು ಸ್ಕೀಗಳು, ಮೂತಿ ಮೇಲೆತ್ತಿದ ಮೋಜಡಿಯ ಹಾಗೆ. ತಳ್ಳುವುದು ಹಿಂದಿನದರ ಕೆಲಸ, ದಾರಿ ಹಿಡಿಸುವುದು ಮುಂದಿನವುಗಳ ಕೆಲಸ. ಸ್ಕೀಯ ತಳದಲ್ಲಿ ಉದ್ದಕ್ಕೆ ಒಂದು ಏಣು ಇರುತ್ತದೆ, ಏಣಿನ ಕೆಳಗೆ ಉಕ್ಕಿನ ಸರಳು, ಸರಳಿನಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಅಂಚು. ಗಟ್ಟಿಯಾದ ಹಿಮವನ್ನು ಕಚ್ಚುವುದು ಆ ಅಂಚು. "ಕಾರ್ಬೈಡ್ ಅಂದ್ರೆ ಏನು ಗೊತ್ತಾ ಚಿಕ್ಕಮ್ಮ?" ಎಂದು ಅವನು ಕೇಳಿದಾಗ ನನಗೆ ನಗು ಬಂತು. ಪೀಣ್ಯದವಳಿಗೆ ಕೇಳುವ ಪ್ರಶ್ನೆಯೇ ಅದು? ನಮ್ಮ ಲೇತುಗಳಲ್ಲಿ ಉಕ್ಕು ಕತ್ತರಿಸುವ ಟಿಪ್ಪುಗಳೆಲ್ಲ ಅದೇ. ಇಲ್ಲೇ ತುಮಕೂರು ರಸ್ತೆಯಲ್ಲಿ, ಈಗ ಕೆನ್ನಮೆಟಲ್ ಆಗಿರುವ ವಿಡಿಯಾ ಕಂಪನಿ 1960ರ ದಶಕದಿಂದ ಅದನ್ನು ಮಾಡುತ್ತ ಬಂದಿದೆ. ಹಳೆಯ ಟರ್ನರುಗಳ ಬಾಯಲ್ಲಿ ಕಾರ್ಬೈಡ್ ಟಿಪ್ಪಿಗೆ ಇವತ್ತಿಗೂ ವಿಡಿಯಾ ಎಂದೇ ಹೆಸರು. ಅದರ ಬಿಲ್ಲು ಪಾಸ್ ಮಾಡುವವಳು ನಾನು.

ಅವನು ಹೇಳಿದ್ದರಲ್ಲಿ ನನ್ನ ಕಿವಿ ನೆಟ್ಟಗಾಗಿಸಿದ ಸಂಗತಿ ಬೇರೆ. ಹಿಮ ಬೀಳುವ ದೇಶಗಳವರೂ ಗಾಡಿ ಕೊಂಡ ಸ್ವಲ್ಪ ಕಾಲಕ್ಕೆ ಕಂಪನಿಯ ಸ್ಕೀ ಬಿಚ್ಚಿಸಿ, ಬೇರೆಯವರು ಮಾಡಿದ ಸ್ಕೀ ಹಾಕಿಸುತ್ತಾರಂತೆ. ಕಾರಣ ಕೇಳಿದರೆ ಮುಖ್ಯವಾದ ದೂರು ಒಂದು. ಯಂತ್ರದಿಂದ ಒತ್ತಿ ಸಮ ಮಾಡಿದ ದಾರಿಯ ಮೇಲೆ ಮುಂಚೆ ಹೋದವರ ಸ್ಕೀಗಳು ಗೀರು ಕೊರೆದಿರುತ್ತವೆ. ಹಿಂದೆ ಬಂದವನ ಸ್ಕೀ ಆ ಗೀರಿಗೆ ಸಿಕ್ಕಿತೆಂದರೆ ಇವನು ಹೇಳಿದ ಕಡೆ ಹೋಗುವುದಿಲ್ಲ, ಗೀರು ಕರೆದ ಕಡೆ ಹೋಗುತ್ತದೆ. ಗಾಡಿಯ ಮೂತಿ ಅತ್ತಿತ್ತ ಜಿಗಿಯುತ್ತದೆ. ಇದಕ್ಕೆ ಮದ್ದಾಗಿ ಒಂದು ಏಣಿನ ಬದಲು ಎರಡು ಏಣಿನ ಸ್ಕೀ ಮಾಡುತ್ತಾರೆ, ಏಣಿನ ಆಕಾರ ಬದಲಾಯಿಸುತ್ತಾರೆ. ಇನ್ನು ಕೆಲವರಿಗೆ ಗೀರಿನ ಚಿಂತೆಯಿಲ್ಲ. ಬೆಟ್ಟದ ಪುಡಿಹಿಮದಲ್ಲಿ ಗಾಡಿ ಹೂತುಹೋಗದೆ ತೇಲಬೇಕು. ಅವರಿಗೆ ಅಗಲವಾದ ಸ್ಕೀ. ಆದರೆ ಅಗಲದ್ದು ಹಾಕಿಕೊಂಡು ಗಟ್ಟಿ ದಾರಿಗೆ ಬಂದರೆ ಹ್ಯಾಂಡಲ್ ತಿರುಗಿಸುವುದರಲ್ಲಿ ತೋಳು ಸೋಲುತ್ತದೆ. ಕಚ್ಚುವುದು ಹೆಚ್ಚಿದರೆ ತಿರುಗುವುದು ಭಾರ, ತೇಲುವುದು ಹೆಚ್ಚಿದರೆ ಕಚ್ಚುವುದು ಕಡಿಮೆ. ಎಲ್ಲ ಗುಣವೂ ಒಂದೇ ಸ್ಕೀಯಲ್ಲಿ ಕೂಡಿ ಬರುವುದಿಲ್ಲ.

ಕೇಳುತ್ತ ಕೇಳುತ್ತ ನನಗೆ ನಮ್ಮ ರಸ್ತೆಯೇ ಕಣ್ಣಮುಂದೆ ಬಂತು. ಹೊಸ ಡಾಂಬರು ಹಾಕುವ ಮೊದಲು ಹಳೆಯದನ್ನು ಯಂತ್ರದಿಂದ ಕೆರೆದು ವಾರಗಟ್ಟಲೆ ಹಾಗೇ ಬಿಟ್ಟಿರುತ್ತಾರಲ್ಲ, ಅದರ ಮೇಲೆ ಸ್ಕೂಟರು ಓಡಿಸಿದ್ದೀರಾ? ಉದ್ದಕ್ಕೂ ಸಣ್ಣ ಸಣ್ಣ ಗೀರು. ಮುಂದಿನ ಟೈರಿನ ಗೆರೆಗಳೂ ಉದ್ದಕ್ಕೆ ಇದ್ದರಂತೂ ಮುಗಿಯಿತು, ಗೆರೆಗೆ ಗೀರು ಸಿಕ್ಕಿ ಹ್ಯಾಂಡಲ್ ತಾನೇ ತಾನಾಗಿ ಅಲ್ಲಾಡುತ್ತದೆ. ಕಾಂಕ್ರೀಟು ಪಟ್ಟಿಯೂ ಡಾಂಬರೂ ಸೇರುವ ಅಂಚಿನಲ್ಲೂ ಅದೇ ಆಟ. ಹಿಮವಿಲ್ಲದ ಊರಿನಲ್ಲಿ ಕೂತು ಅವನು ಪರಿಹರಿಸುತ್ತಿದ್ದದ್ದು ನನ್ನ ದಾರಿಯ ದಾಸರಹಳ್ಳಿಯ ತೊಂದರೆಯನ್ನೇ.

ಹಿಮದ ಗಾಡಿಯ ಹುಟ್ಟಿನ ಕತೆಯನ್ನೂ ಅವನೇ ಹೇಳಿದ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್‌ಕೋರ್ ಎಂಬ ಊರಿನಲ್ಲಿ ಜೋಸೆಫ್ ಅರ್ಮಾಂ ಬೊಂಬಾರ್ಡಿಯೆ ಎಂಬ ಮೆಕ್ಯಾನಿಕ್ ಇದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಕಾಯಿಲೆಯಾಯಿತು. ದಾರಿಗಳೆಲ್ಲ ಹಿಮದಲ್ಲಿ ಮುಚ್ಚಿದ್ದವು, ಆಸ್ಪತ್ರೆಗೆ ಒಯ್ಯಲಾಗಲಿಲ್ಲ, ಮಗು ಉಳಿಯಲಿಲ್ಲ. ಹಿಮದ ಮೇಲೆ ಓಡುವ ಗಾಡಿ ಮಾಡಬೇಕೆಂದು ಅವನು ಮೊದಲಿನಿಂದಲೂ ಕೆಲಸ ಮಾಡುತ್ತಿದ್ದ. 1937ರಲ್ಲಿ ಏಳು ಜನ ಕೂರುವ ಗಾಡಿ ಮಾರಾಟಕ್ಕೆ ತಂದ, 1959ರಲ್ಲಿ ಸ್ಕೀ-ಡೂ ಎಂಬ ಸಣ್ಣದನ್ನು. ಈಗ ಗುಲ್ಮಾರ್ಗಿನಲ್ಲಿ ನವದಂಪತಿಗಳು ಫೋಟೋ ತೆಗೆಸಿಕೊಳ್ಳುವುದು ಆ ಸಣ್ಣದರ ಸಂತತಿಯ ಮೇಲೆ. ನಮ್ಮ ಗಾಳಿ ತುಂಬಿದ ಟೈರಿನ ಹಿಂದೆಯೂ ಒಬ್ಬ ತಂದೆ ಇದ್ದಾನೆ. ಬೆಲ್‌ಫಾಸ್ಟಿನಲ್ಲಿ ದನಕರುಗಳಿಗೆ ಔಷಧ ಕೊಡುತ್ತಿದ್ದ ಡಾಕ್ಟರು ಜಾನ್ ಬಾಯ್ಡ್ ಡನ್ಲಪ್, ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಮೇಲೆ ಗಡಗಡ ಎನ್ನುವುದನ್ನು ನೋಡಲಾರದೆ ರಬ್ಬರ್ ಕೊಳವೆಗೆ ಗಾಳಿ ತುಂಬಿ ಸುತ್ತಿದ. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ರಾಬರ್ಟ್ ತಾಮ್ಸನ್ ಎಂಬುವನು 1845ರಲ್ಲೇ ಇಂಥದ್ದನ್ನು ಕಂಡುಹಿಡಿದಿದ್ದ, ಆದರೆ ಆಗ ಅದನ್ನು ಕೇಳುವವರು ಇರಲಿಲ್ಲ. ಈ ಇಬ್ಬರು ತಂದೆಯರಿಗೂ ಒಂದು ಅನುಕೂಲವಿತ್ತು. ಯಾರಿಗಾಗಿ, ಯಾವ ದಾರಿಗಾಗಿ ಮಾಡುತ್ತಿದ್ದೇವೆ ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಅಷ್ಟೆಲ್ಲ ತಿಳಿದ ನಮ್ಮ ಹುಡುಗನ ಬೈಕಿಗೆ ಯಾವ ಟೈರಿದೆ ಎಂದಿರಿ? ಬಟನ್ ಟೈರು! ಕೆಸರು, ಜಲ್ಲಿ, ಮರಳಿನಲ್ಲಿ ಹತ್ತಿ ಇಳಿಯುವವರಿಗೆ ಮಾಡಿದ, ಗುಂಡಿಗಳನ್ನು ಅಂಟಿಸಿದಂತೆ ಕಾಣುವ ಟೈರು. ರಾಮಮೂರ್ತಿನಗರದಿಂದ ಹೊರಟು ಟಿನ್ ಫ್ಯಾಕ್ಟರಿ, ಮಹದೇವಪುರ, ಹೂಡಿ ದಾಟಿ ಐಟಿಪಿಎಲ್ ಸೇರುವ ದಾರಿಯಲ್ಲಿ ಅವನು ಎದುರಿಸುವ ಅತಿ ದೊಡ್ಡ ಪರ್ವತ ಫ್ಲೈಓವರು. ಡಾಂಬರಿನ ಮೇಲೆ ಬಟನ್ ಟೈರು ಹೂಂಗುಟ್ಟುತ್ತದೆ, ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ನೆಲಕ್ಕೆ ತಾಗುವ ರಬ್ಬರೇ ಕಡಿಮೆ. ಕೇಳಿದರೆ, "ಲಡಾಖ್‌ಗೆ ಹೋಗೋ ಪ್ಲಾನ್ ಇದೆ" ಎನ್ನುತ್ತಾನೆ. ಅವನೊಬ್ಬನೇ ಅಲ್ಲ. ಬೆಳಗ್ಗೆ ಮಾರತಹಳ್ಳಿಯ ಸಿಗ್ನಲ್ಲಿನಲ್ಲಿ ನಿಂತು ನೋಡಿ, ಹಿಮಾಲಯ ಹತ್ತಲು ಸಜ್ಜಾದ ಎಷ್ಟು ಬೈಕುಗಳು ಒಂದನೇ ಗೇರಿನಲ್ಲಿ ತೆವಳುತ್ತಿರುತ್ತವೆ. ಬೆನ್ನಿಗೆ ಲ್ಯಾಪ್‌ಟಾಪು, ಕುತ್ತಿಗೆಗೆ ಐಡಿ ಕಾರ್ಡು, ಕೆಳಗೆ ಕಾರ್ಗಿಲ್ ಟೈರು.

ನನ್ನ ದಾರಿಯ ವಿಷಯಕ್ಕೆ ಬರುತ್ತೇನೆ. ಪೀಣ್ಯವನ್ನು 1970ರ ದಶಕದ ಕೊನೆಯಲ್ಲಿ ಸಣ್ಣ ಕೈಗಾರಿಕೆಗಳಿಗೆಂದು ರೂಪಿಸಿದವರು ಸರ್ಕಾರದ ನಿಗಮವಾದ ಕೆಎಸ್‌ಎಸ್‌ಐಡಿಸಿಯವರು. ಈಗ ಸಣ್ಣ ಕಾರ್ಖಾನೆಗಳ ಇಷ್ಟು ದೊಡ್ಡ ಗುಂಪು ಏಷ್ಯಾದಲ್ಲೇ ಅಪರೂಪ ಎನ್ನುತ್ತಾರೆ. ಹತ್ತು ಹೆಜ್ಜೆಗೊಂದು ಶೆಡ್ಡು, ಶೆಡ್ಡಿನೊಳಗೆ ಲೇತು, ಲೇತಿನ ಕೆಳಗೆ ಉಕ್ಕಿನ ಸುರುಳಿ ಚೂರು. ಸ್ಕ್ರ್ಯಾಪು ತುಂಬಿಕೊಂಡ ಟೆಂಪೋ ಹಳ್ಳ ಹಾರಿದಾಗ ಆ ಚೂರು ರಸ್ತೆಗೆ ಉದುರುತ್ತದೆ. ಜೊತೆಗೆ ಕೂಲೆಂಟು, ಎಣ್ಣೆ. ಸಾಫ್ಟ್‌ವೇರಿನವರ ಕಡೆ ಮೊಳೆ. ಔಟರ್ ರಿಂಗ್ ರೋಡಿನಲ್ಲಿ ಒಬ್ಬ ಟೆಕ್ಕಿ ಕೋಲಿಗೆ ಅಯಸ್ಕಾಂತ ಕಟ್ಟಿಕೊಂಡು ಕಿಲೋಗಟ್ಟಲೆ ಮೊಳೆ ಆರಿಸಿದ ಸುದ್ದಿ ಹತ್ತು ವರ್ಷದ ಹಿಂದೆ ಪತ್ರಿಕೆಗಳಲ್ಲಿ ಬಂದಿತ್ತು. ನಮ್ಮ ಕಡೆ ಚೂರನ್ನು ಯಾರೂ ಬೇಕೆಂದು ಹಾಕುವುದಿಲ್ಲ, ಉತ್ಪಾದನೆಯ ಜೊತೆಗೇ ಬರುತ್ತದೆ. ಇದರ ಮೇಲೆ ಮಳೆಗಾಲದ ಮೊದಲ ಮಳೆ ಬಿದ್ದರೆ, ಜೋರು ಮಳೆಗಿಂತ ಆ ಮೊದಲ ಹತ್ತು ನಿಮಿಷವೇ ಅಪಾಯ. ಎಣ್ಣೆ, ಧೂಳು, ನೀರು ಕಲಸಿ ರಸ್ತೆಗೆ ತೆಳ್ಳಗೆ ಬಳಿದಂತಾಗುತ್ತದೆ. ಕಂಟೇನರು ಲಾರಿ ಪಕ್ಕದಲ್ಲೇ ಉಸಿರು ಬಿಡುತ್ತಿರುತ್ತದೆ. ಬ್ರೇಕು ಹಿಡಿದೊಡನೆ ಗಾಡಿಯ ಭಾರ, ನನ್ನ ಭಾರ, ಹಿಂದೆ ಕೂತ ಮಗಳ ಭಾರ ಎಲ್ಲ ಮುಂದಕ್ಕೆ ಬಾಗುತ್ತದೆ. ನಿಲ್ಲಿಸುವ ಕೆಲಸದ ಹೆಚ್ಚುಪಾಲು ಮುಂದಿನ ಟೈರಿನದು. ಅದು ನೆಲ ಮುಟ್ಟುವ ಜಾಗವೋ ನನ್ನ ಅಂಗೈಗಿಂತ ಚಿಕ್ಕದು.

ದಾರಿ ಎಂದರೆ ಊರಲ್ಲ ಎಂಬುದನ್ನೂ ನೆನಪಿಡಬೇಕು. ಎಲೆಕ್ಟ್ರಾನಿಕ್ ಸಿಟಿಗೆ ಸಿಲ್ಕ್ ಬೋರ್ಡಿನ ಕಡೆಯಿಂದ ಸುಮಾರು 10 ಕಿಲೋಮೀಟರಿನ ಮೇಲುರಸ್ತೆ 2010ರಲ್ಲಿ ಆಯಿತು. ಸುಂಕ ಕೊಟ್ಟು ಮೇಲೆ ಹೋಗುವವನೂ, ಕೆಳಗೆ ಬೊಮ್ಮನಹಳ್ಳಿ, ಕೂಡ್ಲು ಗೇಟು ಎಂದು ನಿಂತು ನಿಂತು ಹೋಗುವವನೂ ಸೇರುವುದು ಒಂದೇ ಆಫೀಸನ್ನು. ಆದರೆ ಇಬ್ಬರಿಗೂ ಬೇಕಾದ ಟೈರು ಒಂದೇ ಅಲ್ಲ.

ನಮ್ಮ ಕಾರ್ಖಾನೆಯಲ್ಲಿ ವಿಷಯ ಹಬ್ಬಿತು. ಸ್ಟೋರಿನವರು, "ಒಂದು ಸೈಜ್ ದೊಡ್ಡದು ಹಾಕಿಸಿ ಮೇಡಂ, ಗ್ರಿಪ್ಪು ಚೆನ್ನಾಗಿರುತ್ತೆ" ಎಂದರು. ಗಂಡಸರಿಗೆ ಅಗಲ ಟೈರಿನ ಮೇಲಿರುವ ನಂಬಿಕೆ ದೇವರ ಮೇಲಿಲ್ಲ. ಕ್ವಾಲಿಟಿ ವಿಭಾಗದ ಹಿರಿಯರು ತಲೆಯಾಡಿಸಿದರು. ರಿಮ್ಮಿನ ಅಗಲ ಅಷ್ಟೇ ಇದ್ದು ಟೈರು ಅಗಲವಾದರೆ ಅದರ ಎರಡೂ ಬದಿ ಒತ್ತಿಕೊಂಡು ದುಂಡು ಕೆಡುತ್ತದೆ, ವಾಲಿದಾಗ ನೆಲ ಮುಟ್ಟಬೇಕಾದ ಭಾಗ ಮುಟ್ಟುವುದಿಲ್ಲ, ಮಡ್‌ಗಾರ್ಡಿಗೂ ಉಜ್ಜಬಹುದು, ಹ್ಯಾಂಡಲ್ ಭಾರ ಎಂದರು. ಹಿಮದ ಗಾಡಿಯ ಅಗಲ ಸ್ಕೀಯ ಕತೆ ಇಲ್ಲಿಗೂ ಬಂತಲ್ಲ ಎಂದುಕೊಂಡೆ. ಅವರು ಅಷ್ಟಕ್ಕೆ ಬಿಡದೆ, ಓ-ರಿಂಗುಗಳ ಗಡಸುತನ ಅಳೆಯುವ ಕೈಗಡಿಯಾರದಷ್ಟು ಉಪಕರಣವನ್ನು ತಂದು ನನ್ನ ಸ್ಕೂಟರಿನ ಹಳೆಯ ಟೈರಿಗೆ ಒತ್ತಿದರು. ಆಮೇಲೆ ಹೊಸದಾಗಿ ಟೈರು ಹಾಕಿಸಿದ್ದ ಇನ್ನೊಬ್ಬರ ಗಾಡಿಗೆ ಒತ್ತಿದರು. ನನ್ನದರಲ್ಲಿ ಮುಳ್ಳು ಮುಂದೆ ಹೋಗಿ ನಿಂತಿತು. "ಗೆರೆ ಇನ್ನೂ ಇದೆ ಅಂತ ನೋಡಬೇಡಿ, ರಬ್ಬರು ಒಣಗಿ ಗಟ್ಟಿಯಾಗಿದೆ, ಒದ್ದೆ ನೆಲ ಹಿಡಿಯೋದಿಲ್ಲ" ಎಂದರು. ದ್ವಿಚಕ್ರಿಗೆ ಗೆರೆಯ ಆಳ 0.8 ಮಿಲಿಮೀಟರಿಗಿಂತ ಕಡಿಮೆಯಾಗಬಾರದು ಎಂಬುದು ಮೋಟಾರು ನಿಯಮ. ರಬ್ಬರಿನ ವಯಸ್ಸು ಆ ನಿಯಮಕ್ಕೆ ಕಾಣುವುದಿಲ್ಲ.

ವಯಸ್ಸು ಟೈರಿನ ಮೈಮೇಲೇ ಬರೆದಿರುತ್ತದೆ. ಬಗ್ಗಿ ಓದಬೇಕು, ಅಷ್ಟೇ. ಟೈರಂಗಡಿಯಲ್ಲಿ ನಾನು ಕನ್ನಡಕ ಹಾಕಿಕೊಂಡು ಓದತೊಡಗಿದಾಗ ಹುಡುಗ ಕಕ್ಕಾಬಿಕ್ಕಿಯಾದ. "ಸಾರ್ ಬಂದಿಲ್ವಾ ಮೇಡಂ?" ಎಂದು ಮೆಲ್ಲಗೆ ಕೇಳಿದ. ಸಾರ್ ಬಂದಿದ್ದರೂ ಇಷ್ಟು ಓದುತ್ತಿರಲಿಲ್ಲ. 90/100-10 ಎಂದಿತ್ತು: ಅಗಲ 90 ಮಿಲಿಮೀಟರು, ಎತ್ತರ ಅಗಲದ ನೂರಕ್ಕೆ ನೂರು, ರಿಮ್ಮು 10 ಇಂಚು. ಪಕ್ಕದಲ್ಲಿ 53ಜೆ: 53 ಎಂದರೆ 206 ಕಿಲೋ ಹೊರಬಲ್ಲದು, ಜೆ ಎಂದರೆ ಗಂಟೆಗೆ 100 ಕಿಲೋಮೀಟರಿನ ತನಕ ಸೈ. ಐಎಸ್‌ಐ ಗುರುತು ಇರಲೇಬೇಕು. ಒಂದು ಮೂಲೆಯಲ್ಲಿ ನಾಲ್ಕು ಅಂಕಿ ಇರುತ್ತದೆ, 3224 ಎಂದಿದ್ದರೆ 2024ನೇ ಇಸವಿಯ 32ನೇ ವಾರದಲ್ಲಿ ಹುಟ್ಟಿದ್ದು. ಹುಡುಗ ಮೊದಲು ತಂದಿಟ್ಟದ್ದಕ್ಕೆ ಶೆಲ್ಫಿನಲ್ಲೇ ಮೂರು ವರ್ಷ ತುಂಬಿತ್ತು. "ಇದಕ್ಕಿಂತ ಚಿಕ್ಕ ವಯಸ್ಸಿಂದು ಕೊಡಪ್ಪ" ಎಂದೆ. ಅವನು ಒಳಗೆ ಹೋಗಿ ಮಾಲೀಕನನ್ನೇ ಕರೆತಂದ.

ಮಾಲೀಕ ನನ್ನ ಮುಂದೆ ಕಂಪನಿಗಳನ್ನು ಹರಡಿದ. 1946ರಲ್ಲಿ ಮದರಾಸಿನ ತಿರುವೊಟ್ಟಿಯೂರಿನ ಶೆಡ್ಡಿನಲ್ಲಿ ಮಕ್ಕಳ ಬಲೂನು ಮಾಡುತ್ತ ಶುರುವಾದ ಎಂಆರ್‌ಎಫ್, ಇಟಲಿಯ ಟ್ಯೂರಿನ್ನಿನಲ್ಲಿ ಹುಟ್ಟಿ ಮುಂಬೈಯದೇ ಆಗಿಹೋದ ಸಿಯಟ್, ಮಧುರೈಯ ಟಿವಿಎಸ್. "ನಮ್ಮ ಮೈಸೂರಿನ ವಿಕ್ರಾಂತ್ ಇಲ್ವಾ?" ಎಂದು ಸುಮ್ಮನೆ ಕೇಳಿದೆ. ವಿಕ್ರಾಂತ್ ಹೆಸರು ಕೇಳಿ ಅವನ ಮುಖ ಅರಳಿತು. ಲಾರಿ ಟೈರಿಗೆ ಹೆಸರಾಗಿದ್ದ ಆ ಮೈಸೂರಿನ ಕಾರ್ಖಾನೆ 1997ರಲ್ಲಿ ಜೆ.ಕೆ.ಯವರ ಕೈಸೇರಿತು ಎಂಬುದನ್ನು ಹೇಳುತ್ತ, ಅವನು ಅಪ್ಪನ ಕಾಲದ ಅಂಗಡಿಯನ್ನು ನೆನೆಸಿಕೊಂಡ. ಹೆಸರುಗಳ ಬಗ್ಗೆ ನಾವಿಬ್ಬರೂ ಜಗಳವಾಡಲಿಲ್ಲ. ಒಂದೇ ಕಂಪನಿಯಲ್ಲಿ ಗಟ್ಟಿ ರಬ್ಬರಿನದೂ ಇರುತ್ತದೆ, ಮೆದು ರಬ್ಬರಿನದೂ ಇರುತ್ತದೆ. ಗಟ್ಟಿಯದು ಬಹಳ ದಿನ ಬಾಳುತ್ತದೆ, ಮೆದುವಾದದ್ದು ಒದ್ದೆಯಲ್ಲಿ ಹಿಡಿಯುತ್ತದೆ. ನಾನು ಆರಿಸಬೇಕಾದ್ದು ಇವೆರಡರ ನಡುವೆ. ಲೆಕ್ಕಪತ್ರದವಳಾದ್ದರಿಂದ ಕಿಲೋಮೀಟರಿಗೆ ಎಷ್ಟು ಪೈಸೆ ಬೀಳುತ್ತದೆ ಎಂದು ಮೊಬೈಲಿನಲ್ಲಿ ಲೆಕ್ಕ ಮಾಡಿ ನೋಡಿದೆ. ಗಟ್ಟಿಯದೇ ಗೆದ್ದಿತು. ಆದರೆ ಗೊರಗುಂಟೆಪಾಳ್ಯದ ಕಡೆಯಿಂದ ಮೊದಲ ಮಳೆಯಲ್ಲಿ ಬರುವಾಗ ಬ್ರೇಕು ಹಿಡಿದ ಕೈಗೆ ಪೈಸೆ ಲೆಕ್ಕ ಬರುವುದಿಲ್ಲ. ಕಂಪನಿ ಹೇಳಿದ ಅಳತೆಯದೇ, ಟ್ಯೂಬ್‌ಲೆಸ್, ಮೆದು ರಬ್ಬರು, ಉದ್ದ ಗೆರೆ ಬೇಡ, ಓರೆ ಗೆರೆಯದು ಕೊಡಿ ಎಂದೆ. "ಬೇಗ ಸವೆಯುತ್ತೆ, ಆಮೇಲೆ ನನ್ನ ಬೈಬೇಡಿ" ಎಂದು ಮಾಲೀಕ ಜಾಮೀನು ತೆಗೆದುಕೊಂಡ.

ಸುತ್ತುವ ದಿಕ್ಕಿನ ಬಾಣ ಸರಿಯಾಗಿದೆಯೇ ಎಂದು ನೋಡಿದೆ. ಹೊಸ ವಾಲ್ವ್ ಹಾಕಿಸಿದೆ. ಗಾಳಿ ಮುಂದೆ 22, ಹಿಂದೆ 29, ಹಿಂದೆ ಯಾರಾದರೂ ಕೂತರೆ 36 ಎಂದು ಗಾಡಿಯ ಪುಸ್ತಕ ಹೇಳುತ್ತದೆ. ಬಂಕಿನ ಹುಡುಗರು ಎಲ್ಲಕ್ಕೂ ಒಂದೇ ಲೆಕ್ಕದಲ್ಲಿ ಹೊಡೆಯುತ್ತಾರೆ, ನಿಂತು ಹೇಳಬೇಕು. ಅಚ್ಚಿನಿಂದ ಸಲೀಸಾಗಿ ಬಿಡಿಸಿಕೊಳ್ಳಲು ಬಳಸಿದ ಜಿಡ್ಡಿನಂಥದ್ದು ಹೊಸ ಟೈರಿನ ಮೇಲೆ ಉಳಿದಿರುತ್ತದೆ, ಮೊದಲ ನೂರು ಕಿಲೋಮೀಟರು ಮೆತ್ತಗೆ ಹೋಗಬೇಕು. ಮಾಲೀಕ ಇದನ್ನೆಲ್ಲ ಹೇಳುವ ಮೊದಲೇ ನಾನು ಹೇಳಿದ್ದರಿಂದ ಅವನು ಐವತ್ತು ರೂಪಾಯಿ ತಾನಾಗಿ ಕಡಿಮೆ ಮಾಡಿದ.

ಆ ಭಾನುವಾರ ಅಕ್ಕನ ಮಗ ಊಟಕ್ಕೆ ಬಂದವನು ಟೈರನ್ನು ಬಗ್ಗಿ ನೋಡಿದ. ಗೆರೆಗಳನ್ನು ಬೆರಳಿನಿಂದ ಮುಟ್ಟಿ, "ಗೀರಿಗೆ ಸಿಗಲ್ಲ ಇದು, ಸರಿಯಾಗಿ ಆರಿಸಿದ್ದೀರ ಚಿಕ್ಕಮ್ಮ" ಎಂದ. ಸರ್ಟಿಫಿಕೇಟು ಸಿಕ್ಕಿದ ಧೈರ್ಯದಲ್ಲಿ, "ನಿನ್ನದು ಯಾವಾಗ ಬದಲಾಯಿಸ್ತೀಯೋ?" ಎಂದು ಕೇಳಿದೆ.

"ಜೂನ್‌ಗೆ ಲಡಾಖ್ ಗ್ಯಾರಂಟಿ, ಅದಕ್ಕೇ ತೆಗೆಸಿಲ್ಲ."

"ಹೋಗೋ ಹಿಂದಿನ ವಾರ ಹಾಕಿಸ್ಕೊಳ್ಳೋ, ಟೈರಂಗಡಿ ಎಲ್ಲೂ ಓಡಿಹೋಗಲ್ಲ. ಅಲ್ಲೀವರೆಗೂ ನೀನು ದಿನಾ ದಾಟಬೇಕಾದ್ದು ಖರ್ದುಂಗ್ಲಾ ಅಲ್ಲ, ಟಿನ್ ಫ್ಯಾಕ್ಟರಿ."